ಯಂತ್ರಗಳ ಹರಟೆಗೆ ಸರ್ಕಾರಿ ಅನುದಾನ

ಏಜೆಂಟ್ ಅಂದ ಕೂಡಲೇ ನಮಗೆ ನೆನಪಾಗುವುದು ಭಾನುವಾರ ಬೆಳಗ್ಗೆ ವಿಮೆ ಪಾಲಿಸಿ ಹಿಡಿದು ಬಾಗಿಲು ತಟ್ಟುವ ದೂರದ ಸಂಬಂಧಿ. ಆತನಿಗೆ ಮಾತು ಕಲಿಸಲು ಯಾವ ಸರ್ಕಾರವೂ ದುಡ್ಡು ಕೊಟ್ಟಿಲ್ಲ. ನಿಲ್ಲಿಸಲು ಕೊಟ್ಟಿದ್ದರೆ ಚೆನ್ನಾಗಿತ್ತು. ಅಮೆರಿಕದ ಕಥೆ ಬೇರೆ. ಅಲ್ಲಿ ಮಾತು ಕಲಿಯಬೇಕಾಗಿರುವುದು ಎಐ ಏಜೆಂಟ್‌ಗಳು. ಒಂಟಿಯಾಗಿದ್ದಾಗ ಜಾಣ ಮಕ್ಕಳು. ಕೋಡ್ ಬರಿ ಅಂದರೆ ಬರೆಯುತ್ತವೆ, ಟಿಕೆಟ್ ತೆಗಿ ಅಂದರೆ ತೆಗೆಯುತ್ತವೆ. ನಾಲ್ಕನ್ನು ಒಟ್ಟಿಗೆ ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ಹಾಗಾಗಿ ಇವುಗಳ ಮಾತುಕತೆಗೆ ಗಟ್ಟಿ ಗಣಿತ ಬೇಕು ಅಂತ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ ಗಂಟು ಬಿಚ್ಚಿದೆ.

ಗಣಿತ ಬೇಕು, ಇಲ್ಲ ಅನ್ನುವುದಿಲ್ಲ. 2017ರಲ್ಲಿ ಫೇಸ್‌ಬುಕ್ ಸಂಶೋಧಕರು ಎರಡು ಬಾಟ್‌ಗಳನ್ನು ಎದುರುಬದುರು ಕೂರಿಸಿ, ಪುಸ್ತಕ, ಟೋಪಿ, ಚೆಂಡು ಹಂಚಿಕೊಳ್ಳಿ ಅಂದರು. ಚೌಕಾಸಿ ಏರಿದ ಹಾಗೆ ಒಂದು ಬಾಟ್ 'ಚೆಂಡು ಸೊನ್ನೆ ನನಗೆ ನನಗೆ ನನಗೆ ನನಗೆ' ಅಂತ ಜಪ ಶುರು ಮಾಡಿತು. ಯಂತ್ರಗಳು ಗುಪ್ತಭಾಷೆ ಕಟ್ಟಿಕೊಂಡವು ಅಂತ ಪತ್ರಿಕೆಗಳಿಗೆ ಗಾಬರಿ. ಇದರಲ್ಲಿ ಗುಪ್ತ ಏನು ಬಂತು? ಬಜೆಟ್ ಹಂಚಿಕೆಯ ಸಭೆಯಲ್ಲಿ ಒಮ್ಮೆ ಕೂತವರಿಗೆ ಪೂರ್ತಿ ಅರ್ಥವಾಗುತ್ತದೆ.

ಈಗಿನ ಏಜೆಂಟ್‌ಗಳದ್ದು ಬೇರೆ ಕಾಯಿಲೆ, ವಿಪರೀತ ಮರ್ಯಾದೆ. ಒಂದು, ಎತ್ತು ಈಯಿತು ಅನ್ನುತ್ತದೆ. ಎರಡನೆಯದು, ಒಳ್ಳೆಯ ವಿಷಯ, ಕೊಟ್ಟಿಗೆಗೆ ಕಟ್ಟೋಣ ಅನ್ನುತ್ತದೆ. ಮೂರನೆಯದು ಗಿಣ್ಣು ಮಾಡುವ ವಿಧಾನವನ್ನು ಹತ್ತು ಸಾಲಿನಲ್ಲಿ ಬರೆದುಕೊಟ್ಟು, ಏಲಕ್ಕಿ ಹಾಕಲೇ ಅಂತ ಕೇಳುತ್ತದೆ.

ಮಾತಿಗೆ ಲೆಕ್ಕ ಹಾಕುವುದು ಹಳೇ ಕಸುಬು. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಸಂವಹನದ ಗಣಿತ ಬರೆಯುವಾಗ, ಸಂದೇಶದ ಅರ್ಥಕ್ಕೂ ಎಂಜಿನಿಯರನಿಗೂ ಸಂಬಂಧವಿಲ್ಲ ಅಂತ ಆರಂಭದಲ್ಲೇ ಕೈ ತೊಳೆದುಕೊಂಡರು. ಸುತ್ತೋಲೆ ಬರೆಯುವವರು ಇದನ್ನು ಇಂದಿಗೂ ನಿಷ್ಠೆಯಿಂದ ಪಾಲಿಸುತ್ತಿದ್ದಾರೆ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಮತ್ತಿಬ್ಬರು ಬೈಜಾಂಟೈನ್ ಸೇನಾಪತಿಗಳ ಲೆಕ್ಕ ತಂದರು. ಬರೀ ಬಾಯಿಮಾತಿನ ಮೇಲೆ ನಡೆಯುವ ಗುಂಪಿನಲ್ಲಿ ಮೂರರಲ್ಲೊಂದು ಪಾಲು ದ್ರೋಹಿಗಳಿದ್ದರೆ, ಉಳಿದವರು ಒಮ್ಮತಕ್ಕೆ ಬರುವ ಖಾತ್ರಿಯೇ ಇಲ್ಲ. ಇದನ್ನು ಕಂಡುಹಿಡಿಯಲು ಅಮೆರಿಕದ ಸೇನೆ ದುಡ್ಡು ಕೊಟ್ಟಿತ್ತು. ನಮಗೆ ಒಂದು ರೆಸಾರ್ಟ್ ಸಾಕಾಯಿತು.

ಆದರೆ ಈ ಗಣಿತ ಮಾಡಲು ಮನುಷ್ಯರು ಬೇಕಲ್ವಾ? ಅಲ್ಲೇ ತಮಾಷೆ. 2026ರ ಬಜೆಟ್ ಪ್ರಸ್ತಾವದಲ್ಲಿ ಶ್ವೇತಭವನ, ಗಣಿತಕ್ಕೆ ಅನ್ನ ಹಾಕುವ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪಾಲನ್ನು ಸುಮಾರು 900 ಕೋಟಿ ಡಾಲರ್‌ನಿಂದ 390 ಕೋಟಿಗೆ ಇಳಿಸಲು ಹೊರಟಿತು. ಎಐ ಬಾಬ್ತು ಮಾತ್ರ ಮುಟ್ಟಲಿಲ್ಲ. ಬೇರಿಗೆ ಕೊಡಲಿ, ಹಣ್ಣಿಗೆ ಪೂಜೆ.

ಅರ್ಜಿಗಳ ಕಥೆ ಕೇಳಿ. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಎನ್‌ಐಎಚ್‌ಗೆ ಒಬ್ಬ ಮಹಾಶಯರು ಒಂದೇ ಸುತ್ತಿನಲ್ಲಿ 40ಕ್ಕೂ ಜಾಸ್ತಿ ಅರ್ಜಿ ಹಾಕಿದರಂತೆ. ಎಐ ಕೈಚಳಕ ಇಲ್ಲದೆ ಇದು ಆಗದು ಅಂತ ಗುಮಾನಿ ಬಂದು, 2025ರಲ್ಲಿ ವರ್ಷಕ್ಕೆ ತಲೆಗೆ ಆರೇ ಅರ್ಜಿ ಅಂತ ಪಡಿತರ ಮಾಡಿದರು. ಓದುವವರು ಮಾತ್ರ ಎಐ ಮುಟ್ಟುವಂತಿಲ್ಲ ಅಂತ 2023ರಲ್ಲೇ ಕಟ್ಟಪ್ಪಣೆ. ಬರೆಯುವವರ ಕೈಯಲ್ಲಿ ಯಂತ್ರ, ಪರಿಶೀಲಕನ ಕೈಯಲ್ಲಿ ಕನ್ನಡಕ.

ಇನ್ನು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎಗೆ ಬನ್ನಿ. 1969ರ ಅಕ್ಟೋಬರ್ 29ರ ರಾತ್ರಿ, ಬೋಲ್ಟರ್ ಹಾಲ್‌ನ 3420ನೇ ಕೋಣೆ. ಡಾರ್ಪಾ ಆಗ ಆರ್ಪಾ, ದುಡ್ಡು ಅದರದ್ದೇ. ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಅಂತ ಕಳಿಸಬೇಕು. ಎಲ್ ಒತ್ತಿದ. ಬಂತಾ ಅಂತ ಫೋನಿನಲ್ಲಿ ಕೇಳಿದ. ಬಂತು. ಓ ಒತ್ತಿದ. ಬಂತಾ? ಬಂತು. ಜಿ ಒತ್ತಿದ, ಆ ಕಡೆಯ ಯಂತ್ರ ಮಕಾಡೆ ಮಲಗಿತು. ಎರಡು ಯಂತ್ರ ಮಾತಾಡಿದವು ಅಂತ ಖಾತ್ರಿ ಮಾಡಿಕೊಳ್ಳಲು ಇಬ್ಬರು ಮನುಷ್ಯರು ಫೋನ್ ಹಿಡಿದು ಕೂರಬೇಕಾಯಿತು. ಇಂಟರ್‌ನೆಟ್ ಹುಟ್ಟಿದ್ದು ಹೀಗೆ.

ಅದೇ ಯುಸಿಎಲ್‌ಎಗೆ 2025ರ ಜುಲೈ ಕೊನೆಯಲ್ಲಿ ಸರ್ಕಾರದ ಇನ್ನೊಂದು ಸಂದೇಶ ಹೋಯಿತು. ಕ್ಯಾಂಪಸ್‌ನಲ್ಲಿ ಯಹೂದಿ ದ್ವೇಷ ತಡೆಯಲಿಲ್ಲ, ಆದ್ದರಿಂದ ಸಂಶೋಧನಾ ಅನುದಾನಕ್ಕೆ ತಡೆ. ತಡೆ ಬಿದ್ದವರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವನ್ನು 2006ರಲ್ಲಿ ಪಡೆದ ಗಣಿತಜ್ಞ ಟೆರೆನ್ಸ್ ಟಾವ್ ಒಬ್ಬರು. ಅಲ್ಲಿನ ಗಣಿತ ಸಂಸ್ಥೆ ಐಪ್ಯಾಮ್‌ನ ನಲ್ಲಿಯೂ ಬಂದ್. ಎಲ್ಲೋ ಜಗಳ, ಸಮೀಕರಣಕ್ಕೆ ಬರೆ. ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಗದರಿದ ಮೇಲೆ ವಿಜ್ಞಾನ ಪ್ರತಿಷ್ಠಾನದ ಹಣ ಮರಳಿತು, ಅದು ಬೇರೆ ಮಾತು.

ಸಂದೇಶ ಮಾತ್ರ ಈ ಸಲ ಜಿ ಹತ್ತಿರ ಕೈಕೊಡಲಿಲ್ಲ. ಒಂದಕ್ಷರ ಬಿಡದೆ ಪೂರ್ತಿ ತಲುಪಿತು. ಬಂತಾ ಅಂತ ಯಾರೂ ಫೋನ್ ಮಾಡಿ ಕೇಳಬೇಕಾಗಲಿಲ್ಲ.