ಮುದ್ದಹನುಮನ ಊಟ

ಹತ್ತೂವರೆ ಅಂತ ಕಾರ್ಡಿನಲ್ಲಿ ಅಚ್ಚಾಗಿತ್ತು. ಹನ್ನೆರಡಾದರೂ ಉದ್ಘಾಟಕರ ಕಾರು ಕಾಣಲಿಲ್ಲ. ನವೆಂಬರ್ 11, ಓಬವ್ವ ಜಯಂತಿ. ನಾವು ದುರ್ಗದವರು ಶಾಮಿಯಾನದ ಕೆಳಗೆ ಬೇಯುತ್ತ ಕೂತಿದ್ದೆವು.

ಸರ್ಕಾರ ಈ ಜಯಂತಿ ಶುರು ಮಾಡಿದ್ದು 2021ರಲ್ಲಿ. ನಿಜಲಿಂಗಪ್ಪನವರದ್ದಾದರೆ 1902ರ ಡಿಸೆಂಬರ್ 10, ತಕರಾರಿಲ್ಲ. ಸೀಬಾರದ ಸಮಾಧಿಗೆ ಹಾರ ಹಾಕಿ ಬಂದರಾಯಿತು. ಓಬವ್ವನ ವಿಷಯ ಹಾಗಲ್ಲ. ಅವಳ ಬಾಳಿನಲ್ಲಿ ಊರಿಗೆ ಗೊತ್ತಿರುವುದು ಒಂದೇ ಮಧ್ಯಾಹ್ನ, ಅದೂ ಗಂಡ ಉಣ್ಣುವ ಹೊತ್ತು.

ಆ ಊಟದ ಬಗ್ಗೆ ಮಾತ್ರ ಯಾವ ಭಾಷಣಕಾರರೂ ಬಾಯಿ ಬಿಡುವುದಿಲ್ಲ. ಕಹಳೆ ಮುದ್ದಹನುಮ ಕಾವಲಿನಿಂದ ಬಂದು ಉಣ್ಣಲು ಕೂತ, ಕುಡಿಯಲು ನೀರಿರಲಿಲ್ಲ, ಓಬವ್ವ ಕೊಡ ಹಿಡಿದು ಹೊಂಡಕ್ಕೆ ಹೋದಳು, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದು ಕಂಡಿತು. ಸರಿ, ಅವನು ಉಂಡದ್ದೇನು? ಮುದ್ದೆಯೇ ಇರಬೇಕು. ಅದಕ್ಕೆ ಹುರುಳಿ ಸಾರೋ, ಬಸ್ಸಾರೋ? ಮುದ್ದೆ ಎಂದಮೇಲೆ ಅಗಿಯುವ ಮಾತೇ ಇಲ್ಲ, ನುಂಗುವುದು. ಹತ್ತು ನಿಮಿಷದ ಕೆಲಸ. ಅಷ್ಟು ತಲೆ ಉರುಳುವ ತನಕ ಈ ಮನುಷ್ಯ ಉಣ್ಣುತ್ತಲೇ ಇದ್ದ ಅಂದರೆ ಎರಡನೇ ಮುದ್ದೆ ಹಾಕಿಸಿಕೊಂಡಿದ್ದಾನೆ, ಅನುಮಾನ ಬೇಡ. ಒನಕೆ ಸದ್ದು ಕಿವಿಗೆ ಬಿದ್ದರೂ, ಪಕ್ಕದ ಮನೆಯಲ್ಲಿ ನವಣೆ ಕುಟ್ಟುತ್ತಿದ್ದಾರೆ ಅಂದುಕೊಂಡನೋ ಏನೋ.

ನಮ್ಮತ್ತೆಗೆ ಇದನ್ನು ಹೇಳಿದರೆ ರೇಗಿದರು. “ಉಂಬಾಕೆ ಕುಂತೋನ್ನ ಯಾರಾದ್ರೂ ಎಬ್ಬಿಸ್ತಾರೇನಪ್ಪ? ಎಬ್ಬಿಸ್ಬಾರ್ದು ಅಂತಾನೇ ಆ ಮಹಾತಾಯಿ ತಾನೇ ಒನಕೆ ಎತ್ಕಂಡ್ಲು.” ನಾನು ವಾದಕ್ಕಿಳಿಯಲಿಲ್ಲ, ಸಾರಿನ ಸೌಟು ಅವರ ಕೈಯಲ್ಲಿತ್ತು.

ಒಂದು ಗಂಟೆಗೆ ಕಾರು ಬಂತು. ಹಾರ, ಶಾಲು, ಪೇಟ. ಓಬವ್ವನ ಫೋಟೊಗೆ ನಾಲ್ಕು ಎಸಳು ಚೆಂಡುಹೂವು, ಮಾರುದ್ದದ ಹಾರಗಳೆಲ್ಲ ವೇದಿಕೆ ಮೇಲಿನವರ ಕೊರಳಿಗೆ. ಮೂರನೆಯವರು “ಎರಡೇ ಮಾತು” ಎಂದು ಎದ್ದು, ಕೋಟೆಯಲ್ಲಿ ಒಂದು ಗಳಿಗೆಯೂ ನಿಲ್ಲದೆ ನೇರವಾಗಿ ತಮ್ಮ ಪಕ್ಷದ ಸಾಧನೆಗೆ ಬಂದರು. ಇಂಥವರ ಕೈಗೆ ಮೈಕು ಕೊಡುವವರನ್ನು ಮೊದಲು ಹಿಡಿಯಬೇಕು.

ಕೊನೆಗೆ ಸಮಯದ ಅಭಾವದಿಂದ ರದ್ದಾದದ್ದು ಶಾಲಾ ಹುಡುಗಿಯರ ನೃತ್ಯ. ಬೆಳಗಿನಿಂದ ಕಚ್ಚೆ ಸೀರೆಯಲ್ಲಿ ಸಾಲಾಗಿ ಕೂತಿದ್ದ ಪುಟ್ಟ ಓಬವ್ವಂದಿರು. ಪಿವಿಸಿ ಪೈಪಿಗೆ ಕಂದು ಕಾಗದ ಸುತ್ತಿದ ಒನಕೆಗಳು. ಒಬ್ಬಳದ್ದು ಗೋಂದು ಬಿಟ್ಟಿತ್ತು, ಎಂಜಲು ಹಚ್ಚಿ ಹಚ್ಚಿ ಅಂಟಿಸುತ್ತಿದ್ದಳು. ಕೈಯಲ್ಲಿ ಒನಕೆ ಇದ್ದೂ ಅಷ್ಟು ಹೊತ್ತು ಸುಮ್ಮನೆ ಕೂತರಲ್ಲ, ನನಗೆ ಅದೇ ಸೋಜಿಗ.