ಬಿಚ್ಚಿ ನೋಡಿದ್ಯಾ?

ಕಳೆದ ಮಾರ್ಚ್‌ನ ಒಂದು ಶನಿವಾರ ಬೆಳಿಗ್ಗೆ ನನ್ನ ಗಾಡಿ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಒಂದೇ ಒಂದು 'ಟಕ್'. ಮತ್ತೆ ತಿರುಗಿಸಿದೆ, ಮತ್ತೆ ಟಕ್. ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿದ್ದವು, ಹಾಗಾಗಿ ಬ್ಯಾಟರಿ ಮೇಲೆ ಅನುಮಾನ ಬರಲಿಲ್ಲ. ಆರನೆಯದೋ ಏಳನೆಯದೋ ಸಲಕ್ಕೆ, ಏನೂ ಆಗಿಲ್ಲ ಅನ್ನುವ ಹಾಗೆ ಎಂಜಿನ್ ಶುರುವಾಯಿತು.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಗಾಡಿ ಸುಮಾರು ಇಪ್ಪತ್ತು ವರ್ಷ ಹಳೆಯ ಲಕ್ಸುರಿ ಎಸ್‌ಯುವಿ. ವಿ8 ಎಂಜಿನ್, ಚರ್ಮದ ಸೀಟು, ಮರದ ಸ್ಟಿಯರಿಂಗ್. ಕಂಪನಿ ಹೆಸರು ಬೇಡ ಬಿಡಿ. ಹೊಸದಾಗಿದ್ದಾಗ ಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಇಬ್ಬರು ಓಡಿಸಿ ಬಿಟ್ಟ ಮೇಲೆ ನನ್ನ ಕೈಗೆ ಬಂತು. ಇಂಥ ಗಾಡಿಗಳ ಒಂದು ಮೋಸ ಏನೆಂದರೆ, ಗಾಡಿಯ ಬೆಲೆ ಇಳಿಯುತ್ತದೆ, ಅದರ ರಿಪೇರಿಯ ಬೆಲೆ ಇಳಿಯುವುದಿಲ್ಲ.

ಸರ್ವಿಸ್ ಸೆಂಟರಿನವರು ಸ್ಟಾರ್ಟರ್ (ಎಂಜಿನ್ನನ್ನು ತಿರುಗಿಸಿ ಶುರುಮಾಡುವ ಮೋಟಾರು, ನಮ್ಮೂರಿನ 'ಸೆಲ್ಫ್') ಹೋಗಿದೆ ಅಂದರು. ಸಾವಿರದ ಇನ್ನೂರು ಡಾಲರ್. ಅದರಲ್ಲಿ ಸ್ಟಾರ್ಟರ್‌ನ ಬೆಲೆಗಿಂತ ಕೂಲಿಯೇ ಜಾಸ್ತಿ. ಅದಕ್ಕೊಂದು ಕಾರಣವೂ ಇದೆ. ಈ ಎಂಜಿನ್‌ನಲ್ಲಿ ಸ್ಟಾರ್ಟರ್ ಇರುವುದು ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ. ಅದನ್ನು ಮುಟ್ಟಬೇಕಾದರೆ ಮೇಲಿನ ಅರ್ಧ ಎಂಜಿನ್ ಬಿಚ್ಚಬೇಕು. ನಾನೇ ಮಾಡ್ತೀನಿ ಅಂತ ತೀರ್ಮಾನಿಸಿದೆ. ಹೊಸ ಸ್ಟಾರ್ಟರ್ ಆರ್ಡರ್ ಮಾಡಲು ಫೋನ್ ತೆಗೆದಾಗ ಅಪ್ಪನ ವಿಡಿಯೋ ಕಾಲ್ ಬಂತು. ವಿಷಯ ಹೇಳಿದೆ.

"ಸೆಲ್ಫ್ ಹೋಯ್ತು ಅಂದ್ರೆ ಏನರ್ಥ? ಬಿಚ್ಚಿ ನೋಡಿದ್ಯಾ?"

"ಇಲ್ಲಪ್ಪ, ಇಲ್ಲಿ ಅದನ್ನ ಯಾರೂ ಬಿಚ್ಚಲ್ಲ. ಹೊಸದು ಹಾಕ್ತಾರೆ."

"ಟಕ್ ಅಂತ ಒಂದೇ ಸಲ ಶಬ್ದ ಬರುತ್ತೆ, ಆಮೇಲೆ ಯಾವಾಗ್ಲೋ ಹತ್ಕೊಳ್ಳುತ್ತೆ, ಅಲ್ವಾ? ಹಾಗಾದ್ರೆ ಮೋಟಾರ್ ಚೆನ್ನಾಗಿದೆ. ಒಳಗಡೆ ತಾಮ್ರದ ಬಿಲ್ಲೆ ಸವೆದಿರುತ್ತೆ ನೋಡು."

ನಮ್ಮಪ್ಪ ಬ್ಯಾಂಕಿನಲ್ಲಿದ್ದವರು. ಜೀವಮಾನದಲ್ಲಿ ಒಂದು ಪಾನಾ ಹಿಡಿದದ್ದನ್ನು ನಾನು ಕಂಡಿಲ್ಲ. ಆದರೆ ಅವರ ಕಾರು ಗ್ಯಾರೇಜಿಗೆ ಹೋದಾಗಲೆಲ್ಲ ಸ್ಟೂಲ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಿದ್ದರು. ಬಿಟ್ಟರೆ ಪಾರ್ಟ್ ಬದಲಾಯಿಸಿಬಿಡ್ತಾರೆ ಅನ್ನುವ ಅನುಮಾನಕ್ಕೆ. ಹಾಗೆ ಕೂತು ಕೂತೇ ಇಷ್ಟು ಕಲಿತಿದ್ದರು.

ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಎಲ್ಲರ ಹಾಗೆ ಅನ್ನಿಸಿತ್ತು: ಅಮೆರಿಕದವರು ಎಷ್ಟು ಸ್ವಾವಲಂಬಿಗಳು, ತಮ್ಮ ಕಾರಿನ ಬ್ರೇಕ್ ತಾವೇ ಹಾಕಿಕೊಳ್ಳುತ್ತಾರೆ, ನಮ್ಮವರು ಪಂಕ್ಚರ್ ಆದರೂ ಯಾರನ್ನೋ ಕರೆಯುತ್ತಾರೆ ಅಂತ. ಈಗ ಹಾಗನ್ನಿಸುವುದಿಲ್ಲ. ಇಲ್ಲಿ ಮೆಕ್ಯಾನಿಕ್ಕಿನ ಒಂದು ಗಂಟೆಗೆ 150 ಡಾಲರ್ ದಾಟುವುದು ಮಾಮೂಲು. ಮನೆಗೊಂದು ಗ್ಯಾರೇಜು, ಅದಕ್ಕೊಂದು ಸಿಮೆಂಟಿನ ನೆಲ ಇದೆ. ಪಾರ್ಟ್ಸ್ ಅಂಗಡಿಯವರು ದೊಡ್ಡ ದೊಡ್ಡ ಟೂಲ್‌ಗಳನ್ನು ಡಿಪಾಸಿಟ್ ಇಟ್ಟುಕೊಂಡು ಎರವಲು ಕೊಡುತ್ತಾರೆ, ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಹಳೆ ಎಂಜಿನ್ ಆಯಿಲ್ ತೆಗೆದುಕೊಂಡು ಹೋದರೆ ಪುಕ್ಕಟೆಯಾಗಿ ಇಸಿದುಕೊಳ್ಳುತ್ತಾರೆ. ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅನ್ನುವುದು ಕಂಪನಿಯ ರಿಪೇರಿ ಪುಸ್ತಕದಲ್ಲೇ ಇರುತ್ತದೆ, ಒಂದಷ್ಟು ದುಡ್ಡು ಕಟ್ಟಿದರೆ ಓದಬಹುದು. ಇಷ್ಟೆಲ್ಲ ಕೊಟ್ಟರೆ ನಮ್ಮ ಚಿಕ್ಕಪ್ಪ, ದೊಡ್ಡಪ್ಪಂದಿರೂ ಬ್ರೇಕ್ ಪ್ಯಾಡ್ ಬದಲಾಯಿಸುತ್ತಿದ್ದರು. ಊರಿನಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಜಾಕ್ ಹಚ್ಚಿ ನೋಡಿ, ಹತ್ತು ನಿಮಿಷಕ್ಕೆ ಸೆಕ್ಯುರಿಟಿಯವರು ಬರುತ್ತಾರೆ. (ಇಲ್ಲೂ ಕೆಲವು ಬಡಾವಣೆಗಳಲ್ಲಿ ಮನೆ ಮುಂದೆ ಕಾರು ರಿಪೇರಿ ಮಾಡಬಾರದು ಅಂತ ನಿಯಮ ಉಂಟು. ನೆರೆಯವರ ಕಣ್ಣು ಎಲ್ಲ ಕಡೆ ಒಂದೇ.)

ಒಂದು ವ್ಯತ್ಯಾಸ ಮಾತ್ರ ನಿಜ. ಇಲ್ಲಿ ಕೈ ಮಸಿ ಮಾಡಿಕೊಂಡರೆ ಯಾರೂ ಕೀಳಾಗಿ ನೋಡುವುದಿಲ್ಲ. ನನ್ನ ಹಲ್ಲಿನ ಡಾಕ್ಟರು ತಮ್ಮ ಹಳೆಯ ಜೀಪಿನ ಕ್ಲಚ್ ತಾವೇ ಹಾಕಿದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಕನ್ನಡ ಬಳಗದಲ್ಲಿ ನಾನು ಅದೇ ಮಾತು ಹೇಳಿದರೆ, "ಯಾಕ್ರೀ, ಸಂಬಳ ಚೆನ್ನಾಗಿ ಬರುತ್ತಲ್ಲ, ಇದೆಲ್ಲ ಯಾಕೆ ಬೇಕು?" ಅನ್ನುತ್ತಾರೆ. ಕಾಳಜಿಯಿಂದಲೇ ಅನ್ನುತ್ತಾರೆ, ಆದರೆ ಅದರೊಳಗೆ ಯಾವ ಕೆಲಸ ಯಾರದ್ದು ಅನ್ನುವ ಹಳೆಯ ಲೆಕ್ಕ ಕೂತಿದೆ. ಅದೇ ಲೆಕ್ಕದಿಂದಾಗಿ ಊರಿನ ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದ ಹುಡುಗನಿಗೆ ಗೊತ್ತಿರುವುದು ವಿದ್ಯೆ ಅಂತ ನಮಗೆ ಅನ್ನಿಸುವುದೇ ಇಲ್ಲ.

ನಿಜ ಹೇಳಬೇಕೆಂದರೆ ಅವನದ್ದೇ ವಿದ್ಯೆ. ಇಲ್ಲಿ ನಾವು ಮಾಡುವುದು ಬದಲಾವಣೆ. ಕೋಡ್ ಓದು, ಪಾರ್ಟ್ ತರಿಸು, ಹಳೆಯದು ಬಿಚ್ಚು, ಹೊಸದು ಕೂರಿಸು. 1996ರ ಮಾಡೆಲ್‌ನಿಂದ ಈಚೆಗೆ ಅಮೆರಿಕದಲ್ಲಿ ಮಾರಿದ ಪ್ರತಿ ಪೆಟ್ರೋಲ್ ಕಾರಿನಲ್ಲೂ ಡ್ಯಾಶ್‌ಬೋರ್ಡಿನ ಕೆಳಗೆ ಒಬಿಡಿ-2 ಅನ್ನುವ ಹದಿನಾರು ಪಿನ್ನಿನ ಸಾಕೆಟ್ ಇದೆ. ಅದಕ್ಕೊಂದು ಅಗ್ಗದ ರೀಡರ್ ಸಿಕ್ಕಿಸಿದರೆ ಕಾರೇ ತನ್ನ ಕಾಯಿಲೆ ಹೇಳುತ್ತದೆ. ಪಿ0301 ಅಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಆದರೆ ಯಾಕೆ ಅಂತ ಅದು ಹೇಳುವುದಿಲ್ಲ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ರೋ? ಇಲ್ಲಿನ ಅರ್ಧ ಜನ ಮೂರನ್ನೂ ಬದಲಾಯಿಸುತ್ತಾರೆ. ಊರಿನ ಹುಡುಗ ಒಂದನೇ ಕಾಯಿಲ್ ತೆಗೆದು ಎರಡನೇ ಸಿಲಿಂಡರಿಗೆ ಹಾಕಿ ನೋಡುತ್ತಾನೆ. ಕಾಯಿಲೆಯೂ ಜೊತೆಗೇ ಎರಡಕ್ಕೆ ಹೋಯಿತಾ, ಕಾಯಿಲ್ ಕೆಟ್ಟಿದೆ. ಖರ್ಚು ಸೊನ್ನೆ. ಅವನು ಸ್ಟಾರ್ಟರ್ ಬಿಚ್ಚಿ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಹಾಕುತ್ತಾನೆ, ಆಲ್ಟರ್ನೇಟರಿಗೆ ಬೇರಿಂಗ್ ಹಾಕುತ್ತಾನೆ. ಅವನ ರಿಪೇರಿ ಅಷ್ಟು ಅಗ್ಗವಾಗಲು ಅವನ ದುಡಿಮೆ ಅಗ್ಗವಾಗಿರುವುದೂ ಕಾರಣ, ಅದನ್ನು ಮರೆತು ಹೊಗಳಬಾರದು.

ಸರಿ, ನನ್ನ ಕಥೆಗೆ ಬರುತ್ತೇನೆ. ಹೊಸ ಸ್ಟಾರ್ಟರ್ ಆರ್ಡರ್ ಮಾಡಲಿಲ್ಲ. ಮೋಟಾರಿಗೆ ಕರೆಂಟ್ ದಾಟಿಸುವ ತಾಮ್ರದ ಕಾಂಟ್ಯಾಕ್ಟ್ ಮತ್ತು ತನ್ನ ಬಿಲ್ಲೆಯನ್ನು ಅವಕ್ಕೆ ಒತ್ತುವ ಪ್ಲಂಜರ್ ಇರುವ ಚಿಕ್ಕ ಕಿಟ್ ತರಿಸಿದೆ, 20 ಡಾಲರ್ ಆಸುಪಾಸು. ಜೊತೆಗೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು. ಬ್ಯಾಟರಿಯ ಮೈನಸ್ ವೈರ್ ಮೊದಲು ತೆಗೆದೆ. ಸ್ಟಾರ್ಟರಿಗೆ ಹೋಗುವ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಪಾನಾ ತಗುಲಿದರೆ ಬೆಂಕಿ ಹಾರುತ್ತದೆ. ಆಮೇಲೆ ಏರ್ ಪೈಪ್, ಥ್ರಾಟಲ್, ಹೋಸುಗಳು, ಇಂಜೆಕ್ಟರಿನ ಪ್ಲಗ್ಗುಗಳು. ಒಂದೊಂದಕ್ಕೂ ಪೇಪರ್ ಟೇಪ್ ಅಂಟಿಸಿ ನಂಬರ್ ಬರೆದೆ. ಫೋಟೋ ತೆಗೆದರೆ ಸಾಕು ಅನ್ನುವವರು ಇದ್ದಾರೆ. ಆರು ಗಂಟೆ ಆದ ಮೇಲೆ ಫೋಟೋದಲ್ಲಿ ಎಲ್ಲ ಹೋಸೂ ಕಪ್ಪಗೆ ಒಂದೇ ಥರ ಕಾಣುತ್ತವೆ.

ಮ್ಯಾನಿಫೋಲ್ಡ್ ಎತ್ತಿದಾಗ ಕಣಿವೆಯಲ್ಲಿ ಎರಡು ದಶಕದ ಒಣಗಿದ ಎಲೆ, ಇಲಿ ತಂದಿಟ್ಟ ಆಕ್ರೋಟ್ ಸಿಪ್ಪೆ. ಅದನ್ನೆಲ್ಲ ವ್ಯಾಕ್ಯೂಮ್ ಮಾಡಿ, ಎಂಜಿನ್ ಒಳಕ್ಕೆ ಗಾಳಿ ಹೋಗುವ ತೆರೆದ ತೂತುಗಳಿಗೆ ಬಟ್ಟೆ ತುರುಕಿದೆ. ಅಲ್ಲಿಗೊಂದು ನಟ್ ಬಿದ್ದರೆ ಎಂಜಿನ್ನೇ ಹೋಗುತ್ತದೆ. ಸ್ಟಾರ್ಟರ್ ಹೊರಗೆ ತೆಗೆದು ಮುಚ್ಚಳ ಬಿಚ್ಚಿದೆ. ಎರಡು ತಾಮ್ರದ ಕಾಂಟ್ಯಾಕ್ಟಿನಲ್ಲಿ ಒಂದು ಅರ್ಧಕ್ಕರ್ಧ ಸವೆದು ಓರೆಯಾಗಿತ್ತು. ಮೋಟಾರಿನ ಬ್ರಷ್ ಇನ್ನೂ ಗಟ್ಟಿಯಾಗಿದ್ದವು. ಅಪ್ಪ ಸಾವಿರಾರು ಕಿಲೋಮೀಟರ್ ಆಚೆಯಿಂದ, ಶಬ್ದದ ವರ್ಣನೆ ಕೇಳಿಯೇ ಹೇಳಿದ್ದರು.

ಭಾನುವಾರ ಸಂಜೆ ಎಲ್ಲ ಜೋಡಿಸಿ ಕೀ ತಿರುಗಿಸಿದರೆ ಒಂದೇ ಏಟಿಗೆ ಹತ್ತಿತು. ಜೊತೆಗೆ ಚೆಕ್ ಎಂಜಿನ್ ದೀಪವೂ ಹತ್ತಿತು. ರೀಡರ್ ಹಾಕಿದರೆ ಪಿ0102. ಗಾಳಿ ಅಳೆಯುವ ಸೆನ್ಸರಿನ ಪ್ಲಗ್ ಸಿಕ್ಕಿಸುವುದನ್ನೇ ಮರೆತಿದ್ದೆ. ನಂಬರ್ ಬರೆದ ಟೇಪು ಅದರ ಮೇಲೆ ಹಾಗೇ ಇತ್ತು.

ಇಷ್ಟು ಹೇಳಿದ ಮೇಲೆ, ಎಲ್ಲವನ್ನೂ ನೀವೇ ಮಾಡಿ ಅನ್ನುವವನು ನಾನಲ್ಲ. ಇದೇ ಗಾಡಿಯ ಟೈಮಿಂಗ್ ಬೆಲ್ಟ್ (ವಾಲ್ವು, ಪಿಸ್ಟನ್‌ಗಳನ್ನು ಒಂದೇ ತಾಳದಲ್ಲಿ ಓಡಿಸುವ ಹಲ್ಲಿನ ಪಟ್ಟಿ) 90,000 ಮೈಲಿಗೊಮ್ಮೆ ಬದಲಾಯಿಸಬೇಕು. ಅದನ್ನು ದುಡ್ಡು ಕೊಟ್ಟೇ ಮಾಡಿಸಿದೆ. ಒಂದು ಹಲ್ಲು ಆಚೀಚೆ ಕೂತರೂ ವಾಲ್ವು ಪಿಸ್ಟನ್ ಲೆಕ್ಕ ತಪ್ಪುತ್ತದೆ, ಅಷ್ಟು ಧೈರ್ಯ ನನಗಿಲ್ಲ. ಗಾಡಿಯ ಕೆಳಗೆ ಬರೀ ಜಾಕ್ ನಂಬಿ ಮಲಗುವುದನ್ನಂತೂ ಯಾವ ದೇಶದಲ್ಲೂ ಮಾಡಬೇಡಿ. ಊರಿನಲ್ಲಿ ಜಾಕ್ ಜೊತೆಗೆ ಒಂದು ಕಲ್ಲು ಇಟ್ಟು ನುಗ್ಗುವುದನ್ನು ನೋಡಿದ್ದೇನೆ. ಇಲ್ಲಿ ಸ್ಟ್ಯಾಂಡ್ ಇಡುತ್ತಾರೆ, ಆದರೆ 2020ರಲ್ಲಿ ಲಕ್ಷಗಟ್ಟಲೆ ಅಗ್ಗದ ಸ್ಟ್ಯಾಂಡುಗಳನ್ನೇ ದೋಷ ಇದೆ ಅಂತ ವಾಪಸ್ ಕರೆಸಿಕೊಂಡರು. ನಾನು ಸ್ಟ್ಯಾಂಡ್ ಇಟ್ಟು, ಬಿಚ್ಚಿದ ಚಕ್ರವನ್ನೂ ಚಾಸಿಯ ಕೆಳಗೆ ತಳ್ಳುತ್ತೇನೆ. ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ಎತ್ತುವ ಮೊದಲು ಅದನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಎತ್ತರ ಸರಿಮಾಡಲು ಹೋಗಿ ಗಾಡಿ ತಾನಾಗೇ ಅಲುಗುತ್ತದೆ.

ಜನ ನಿಜವಾಗಿ ಹೆದರುವುದು ಗಾಡಿಯ ಮೂತಿಯ ಮೇಲಿನ ಲಾಂಛನಕ್ಕೆ. ಒಳಗೆ ನೋಡಿದರೆ ಲೆಕ್ಸಸ್ ಎಲ್‌ಎಕ್ಸ್ 470 ಅಂದರೆ ಮುಕ್ಕಾಲು ಪಾಲು ಟೊಯೋಟಾ ಲ್ಯಾಂಡ್ ಕ್ರೂಸರ್. 2002ರಲ್ಲಿ ಬಂದ ಮೊದಲ ಪೋರ್ಷೆ ಕಯೆನ್ ಮತ್ತು ಫೋಕ್ಸ್‌ವ್ಯಾಗನ್ ಟುವಾರೆಗ್ ಒಂದೇ ಬುನಾದಿಯ ಮೇಲೆ ಎದ್ದವು. ಎಷ್ಟೋ ಪಾರ್ಟುಗಳು ಒಂದೇ, ಡಬ್ಬದ ಮೇಲಿನ ಹೆಸರು ಬೇರೆ, ಬೆಲೆ ಬೇರೆ. ಇನ್ನೊಂದು ಹೆದರಿಕೆ ವಾರಂಟಿಯದ್ದು. "ಹೊರಗೆ ಆಯಿಲ್ ಚೇಂಜ್ ಮಾಡಿದರೆ ವಾರಂಟಿ ಹೋಗುತ್ತಂತೆ" ಅಂತ ನಮ್ಮವರು ಇಲ್ಲೂ ಹೇಳುತ್ತಿರುತ್ತಾರೆ. ಅಮೆರಿಕದಲ್ಲಿ 1975ರಿಂದ ಮ್ಯಾಗ್ನಸನ್-ಮಾಸ್ ಕಾಯಿದೆ ಇದೆ. ತಮ್ಮಲ್ಲೇ ಸರ್ವಿಸ್ ಮಾಡಿಸಬೇಕು, ತಮ್ಮದೇ ಪಾರ್ಟ್ ಹಾಕಬೇಕು ಅಂತ ಕಂಪನಿ ವಾರಂಟಿಗೆ ಶರತ್ತು ಹಾಕುವ ಹಾಗಿಲ್ಲ. ಆಯಿಲ್, ಫಿಲ್ಟರ್‌ನ ರಸೀದಿ ಇಟ್ಟುಕೊಂಡಿದ್ದರೆ ಸಾಕು.

ಹೊಸ ಗಾಡಿಗಳಲ್ಲಿ ಮಾತ್ರ ಪಾನಾ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ, ಒಪ್ಪುತ್ತೇನೆ. ಬಿಎಂಡಬ್ಲ್ಯು ಎಕ್ಸ್5ನ ಎರಡನೇ ತಲೆಮಾರಿನಿಂದಲೇ ಬ್ಯಾಟರಿ ಹೊಸದು ಹಾಕಿದರೆ ಅದನ್ನು ಕಂಪ್ಯೂಟರಿನಲ್ಲಿ ನೋಂದಾಯಿಸಬೇಕು. ಇಲ್ಲದಿದ್ದರೆ ಹಳೆ ಬ್ಯಾಟರಿ ಅಂದುಕೊಂಡೇ ಕಂಪ್ಯೂಟರ್ ಚಾರ್ಜ್ ಮಾಡುತ್ತಿರುತ್ತದೆ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಹಿಂದಿನ ಪ್ಯಾಡ್ ಹಾಕಲು ಸರ್ವಿಸ್ ಮೋಡ್ ಬೇಕು. ಇಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದ ಜನ ಇದಕ್ಕಾಗಿಯೇ 2012ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಮತ ಹಾಕಿದರು: ಗಾಡಿ ನಮ್ಮದು, ಅದರೊಳಗಿನ ಮಾಹಿತಿಯೂ ನಮಗೆ ಸಿಗಲಿ ಅಂತ. ರಿಪೇರಿಯನ್ನು ಇಷ್ಟು ಪ್ರೀತಿಸುವ ನಮ್ಮೂರಿನಲ್ಲಿ ಇಂಥದ್ದೊಂದು ಕೂಗು ಬೀದಿಗೆ ಬಂದದ್ದನ್ನು ನಾನು ಕಂಡಿಲ್ಲ. ಲ್ಯಾಪ್‌ಟಾಪ್ ಇಲ್ಲದೆ ಬಾನೆಟ್ ತೆರೆಯಲಾಗದ ಕಾಲ ಬಂದರೆ ಮೊದಲು ಕೆಲಸ ಕಳೆದುಕೊಳ್ಳುವವನು ನಮ್ಮ ಗ್ಯಾರೇಜಿನ ಹುಡುಗನೇ.

ಅಪ್‌ಗ್ರೇಡ್ ವಿಷಯದಲ್ಲಿ ನಾನು ಇಲ್ಲಿನವರ ಜೊತೆಗಿಲ್ಲ. ಎರಡಿಂಚು ಎತ್ತರಿಸು, ದಪ್ಪ ಟೈರ್ ಹಾಕು, ಮುಂದೆ ಕಬ್ಬಿಣದ ಬಂಪರ್, ಮೇಲೆ ಟೆಂಟು. ಆಮೇಲೆ ಅದನ್ನು ಓಡಿಸುವುದು ಆಫೀಸಿಗೆ. ಮೊದಲೇ ಗ್ಯಾಲನ್ನಿಗೆ 15-16 ಮೈಲಿ ಕೊಡುವ ಗಾಡಿ, ಇಷ್ಟು ಹೊತ್ತ ಮೇಲೆ ಇನ್ನೆಷ್ಟು ಕೊಟ್ಟೀತು? ಭಾರತದಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇಂಥದ್ದಕ್ಕೆ ಅಡ್ಡ ಬರುತ್ತದೆ, ಕಾರಿನ ಮುಂದೆ ಹಾಕುವ ಕಬ್ಬಿಣದ ಅಡ್ಡಪಟ್ಟಿ ಬುಲ್‌ಬಾರನ್ನು ಕೇಂದ್ರ ಸರ್ಕಾರ 2017ರ ಕೊನೆಯಲ್ಲೇ ಬೇಡ ಅಂದಿತು. ಅದನ್ನು ಕಿರಿಕಿರಿ ಅನ್ನುವ ಗೆಳೆಯರಿದ್ದಾರೆ. ರಸ್ತೆಯಲ್ಲಿ ನಡೆದು ಹೋಗುವವನ ಕಡೆಯಿಂದ ನೋಡಿದರೆ ನನಗದು ಸರಿ ಅನ್ನಿಸುತ್ತದೆ. ನಾನು ಮಾಡಿದ ಅಪ್‌ಗ್ರೇಡ್ ಎರಡೇ. ಹೆಡ್‌ಲೈಟಿನ ಹಳದಿಗಟ್ಟಿದ ಪ್ಲಾಸ್ಟಿಕ್ ಉಜ್ಜಿದ್ದು, ಹಿಂದಕ್ಕೆ ತೆಗೆಯುವಾಗ ಕಾಣುವ ಕ್ಯಾಮೆರಾ ಹಾಕಿದ್ದು. ಎರಡನೆಯದು ಹೆಂಡತಿಯ ಒತ್ತಾಯಕ್ಕೆ. ಹಾಕಿದ ಮೇಲೆ ಅವಳಿಗಿಂತ ನಾನೇ ಅದನ್ನು ಜಾಸ್ತಿ ನೋಡುವುದು.

ಇದೆಲ್ಲ ಆಗಿ ಒಂದು ವಾರದ ನಂತರ ಅಪ್ಪನಿಗೆ ಫೋನಿನಲ್ಲಿ ಆ ಸವೆದ ತಾಮ್ರದ ಚೂರು, ಪ್ಲಂಜರು ಎರಡನ್ನೂ ಬೆಳಕಿಗೆ ಹಿಡಿದು ತೋರಿಸಿದೆ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ಮೇಲೆತ್ತಿ ನೋಡಿದರು.

"ಆ ಪ್ಲಂಜರಿನ ಬಿಲ್ಲೆ ಇನ್ನೊಂದು ಕಡೆ ಚೆನ್ನಾಗೇ ಇದೆಯಲ್ಲೋ. ತಿರುಗಿಸಿ ಹಾಕಿದ್ರೆ ಆಗ್ತಿತ್ತು. ಸುಮ್ನೆ ಇಪ್ಪತ್ತು ಡಾಲರ್ ದಂಡ."