ಶೆಲ್ಟರಿಗೆ ಹೋಗೋರು ಮುಂಜಾನೆ ಆರಕ್ಕೆ ಹೋಗ್ರಿ

“ಮನಸ್ಸಿಗೆ ಭಾಳ ಬ್ಯಾಸರ ಆಗ್ಯದ, ನಾಯಿ ಶೆಲ್ಟರಿಗೆ ಹೋಗಿ ಒಂದು ತಾಸು ಕುಂತು ಬರ್ಲೇನು?” ಅಂತ ಕೇಳೋರು ಈಗ ಕಲಬುರಗಿಯಲ್ಲೂ ಇದ್ದಾರೆ. ಧಾರಾಳ ಹೋಗ್ರಿ. ಆದರೆ ಕುಂತು ಬರಲಿಕ್ಕೆ ಹೋಗಬೇಡ್ರಿ, ಕೆಲಸಕ್ಕೆ ಹೋಗ್ರಿ. ತಿಂಗಳಿಗೊಮ್ಮೆ ಇಡೀ ದಿನ ಇದ್ದು ಫೋಟೊ ಹಾಕೋದಕ್ಕಿಂತ ವಾರಕ್ಕೆ ಎರಡೇ ತಾಸು, ಅದೇ ದಿನ, ಅದೇ ಹೊತ್ತಿಗೆ ಹೋಗೋದು ನಾಯಿಗೂ ಒಳ್ಳೇದು, ನಿಮಗೂ.

ಪ್ರಾಣಿ ಮುಟ್ಟಿದರೆ ಒತ್ತಡ ಇಳೀತದೆ ಅನ್ನೋದು ಬಾಯಿಮಾತಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 249 ವಿದ್ಯಾರ್ಥಿಗಳ ಜೊಲ್ಲು ಪರೀಕ್ಷೆ ಆಗಿತ್ತು. 10 ನಿಮಿಷ ನಾಯಿ-ಬೆಕ್ಕುಗಳ ಮೈ ಸವರಿದವರಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು, ಬರೀ ನೋಡ್ತಾ ನಿಂತವರಿಗಿಂತ ಕಡಿಮೆ ಇತ್ತು. ಅದು ಆ ಹೊತ್ತಿನ ಲೆಕ್ಕ ಅಷ್ಟೇ. ಡಾಕ್ಟರ್ ಕೊಟ್ಟ ಖಿನ್ನತೆಯ ಗುಳಿಗೆ ಬಿಟ್ಟು ನಾಯಿ ಹಿಂದೆ ಅಡ್ಡಾಡ್ರಿ ಅಂತ ಅದರ ಅರ್ಥ ಅಲ್ಲ.

ಅಂಜಿದ ನಾಯಿ ಹತ್ತಿರ ಹೋಗೋ ರೀತಿಯಲ್ಲೇ ಅರ್ಧ ಲಾಭ ಅದೆ. ಎದುರಿಗೆ ನಿಲ್ಲಬೇಡ್ರಿ, ತಲೆ ಮೇಲಿಂದ ಕೈ ಒಯ್ಯಬೇಡ್ರಿ. ಮಗ್ಗುಲಾಗಿ ನೆಲಕ್ಕೆ ಕೂತು, ಕಣ್ಣಲ್ಲಿ ಕಣ್ಣಿಡದೆ, ಕೈ ತೊಡೆ ಮೇಲೆ ಸುಮ್ಮನೆ ಇಟ್ಕೊಳ್ರಿ. ಅದಾಗೇ ಬಂದು ಮೂಸಲಿ. ಎದೆಭಾಗ ಮೂರು ಸೆಕೆಂಡ್ ಸವರಿ ಕೈ ತೆಗೀರಿ. ಮತ್ತೆ ಬಂದು ಒರಗಿತೋ, ಮುಂದುವರಿಸ್ರಿ. ತುಟಿ ನೆಕ್ಕಿಕೊಂಡಿತು, ಮುಖ ತಿರುಗಿಸಿತು, ಆಕಳಿಸಿತು ಅಂದ್ರೆ ಅದಕ್ಕೆ ಸಾಕಾಗಿದೆ. ಮಂದಿ ಆ ಆಕಳಿಕೆ ನೋಡಿ ‘ಪಾಪ, ನಿದ್ದಿ ಬಂದದ’ ಅಂತ ಇನ್ನೂ ಬಿಗಿಯಾಗಿ ಅಪ್ಪಿ ಕಚ್ಚಿಸಿಕೊಳ್ತಾರೆ. ಅವಸರದಲ್ಲಿ ಇದು ಆಗೋ ಕೆಲಸ ಅಲ್ಲ. ನಿಮ್ಮ ಉಸಿರು ತಾನೇ ನಿಧಾನ ಆಗ್ತದೆ, ಮೊಬೈಲ್ ಕಿಸೆಯಲ್ಲೇ ಉಳೀತದೆ.

ಉಳಿದದ್ದೆಲ್ಲ ಮೈಮುರಿ ದುಡಿತ. 15 ಲೀಟರಿನ ಬಕೀಟು ಹೊರೋದು, ನೆಲ ತಿಕ್ಕೋದು, ಎರಡು ನಾಯಿಗಳನ್ನ 20-20 ನಿಮಿಷ ಅಡ್ಡಾಡಿಸೋದು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣೀಬೇಕು ಅಂತಾರಲ್ಲ ವಿಶ್ವ ಆರೋಗ್ಯ ಸಂಸ್ಥೆಯವರು, ಅದರಲ್ಲಿ ದೊಡ್ಡ ಪಾಲು ಇಲ್ಲೇ ಮುಗೀತದೆ. ಬ್ಯಾಸಗಿಯಲ್ಲಿ ಮಾತ್ರ ಮುಂಜಾನೆ ಆರಕ್ಕೆ ಹೋಗಿ ಎಂಟರೊಳಗೆ ಮುಗಿಸ್ರಿ. ನಮ್ಮ ಕಡೆ ಅಂಗಳಕ್ಕೆ ಹಾಸೋದು ಶಹಾಬಾದ್ ಪರಸಿ ಕಲ್ಲು. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಅದು ಕಾದ ಹಂಚು. ಅಂಗೈ ಹಿಂಭಾಗ ಅದರ ಮೇಲೆ 7 ಸೆಕೆಂಡ್ ಇಡಲಿಕ್ಕೆ ಆಗದಿದ್ರೆ ನಾಯಿ ಪಾದವೂ ಸುಡ್ತದೆ.

ಹೋಗೋ ಮೊದಲು ರೇಬಿಸ್ ಮುಂಜಾಗ್ರತೆ ಲಸಿಕೆ ಹಾಕಿಸ್ಕೊಳ್ರಿ: 0ನೇ ದಿನ (ಮೊದಲ ಡೋಸಿನ ದಿನ), 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಇದನ್ನ ಕೇಳಿದ ತಕ್ಷಣ ಅರ್ಧ ಮಂದಿ ವಾಪಸ್ ಹೋಗ್ತಾರೆ, ಹೋಗಲಿ. ಮೂರೂ ಆದವರಿಗೆ ಮುಂದೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನ ಎರಡೇ ಡೋಸ್, ಗಾಯಕ್ಕೆ ಚುಚ್ಚೋ ರೇಬಿಸ್ ಸೀರಮ್ ಬೇಕಾಗಲ್ಲ. ಕಚ್ಚಿದ ಕೂಡಲೇ ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ಪೂರ್ತಿ ತೊಳೀರಿ. ಖಾರದಪುಡಿ, ಸುಣ್ಣ, ಅರಿಶಿಣ ಮೆತ್ತಬೇಡ್ರಿ. ಆಮೇಲೆ ಅವತ್ತೇ ದವಾಖಾನೆ.

ಮನೆಯಲ್ಲಿ ಲಸಿಕೆ ಮುಗಿಯದ ಮರಿ ಇದ್ರೆ ಶೆಲ್ಟರಿನ ಚಪ್ಪಲಿ ಶೆಲ್ಟರಲ್ಲೇ ಬಿಡ್ರಿ. ನಾಯಿಮರಿಗಳ ಜೀವಕ್ಕೇ ಕುತ್ತು ತರೋ ಪಾರ್ವೊ ವೈರಸ್ ಚಪ್ಪಲಿ ಅಟ್ಟೆಗೆ ಅಂಟಿಕೊಂಡೂ ಮನೆಗೆ ಬರ್ತದೆ. ಶೆಲ್ಟರಿನ ನೆಲಕ್ಕೆ 1 ಪಾಲು ಬ್ಲೀಚ್, 30 ಪಾಲು ನೀರು, 10 ನಿಮಿಷ ಒದ್ದೆಯಾಗೇ ಇರಬೇಕು. ಮೊದಲು ಹೊಲಸು ತೊಳೀದೆ ಬ್ಲೀಚ್ ಸುರಿದರೆ ದುಡ್ಡು ದಂಡ, ಹೊಲಸಿನ ಮೇಲೆ ಬ್ಲೀಚಿನ ಶಕ್ತಿ ಸತ್ತುಹೋಗ್ತದೆ. ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆ ಮುಟ್ಟೋದೇ ಬೇಡ.

ಎರಡು-ಮೂರು ತಿಂಗಳಾದ ಮೇಲೆ ಬರೋ ಕುತ್ತು ಬೇರೆ. ನೀವು ಬಾಟಲಿಯಲ್ಲಿ ಹಾಲು ಕುಡಿಸಿದ ಮರಿ ಸಾಯ್ತದೆ. ರಾತ್ರಿ ಹನ್ನೊಂದಕ್ಕೆ ಶೆಲ್ಟರಿನವರ ಫೋನ್ ಗ್ರೂಪಿನಲ್ಲಿ ಕಾಲು ಮುರಿದ ನಾಯಿ ಫೋಟೊ ಬರ್ತದೆ, ಕೆಳಗೆ ‘ಯಾರಾದ್ರೂ ಹೋಗ್ರಿ’. ನಿದ್ದೆ ಕೆಡೋದು ಇಲ್ಲಿಂದ. ಗಳಿಸಿದ ನೆಮ್ಮದಿಯೆಲ್ಲ ಇಲ್ಲೇ ಸೋರಿಹೋಗ್ತದೆ. ರಾತ್ರಿ ಫೋನಿನ ಪಾಳಿ ಹಂಚಿಕೊಳ್ರಿ, ಒಬ್ಬರಿಗೆ ವಾರಕ್ಕೆ ಒಂದೇ ರಾತ್ರಿ. ಉಳಿದ ಆರು ರಾತ್ರಿ ಗ್ರೂಪ್ ಮ್ಯೂಟ್.